ಕೆನಡಾದಲ್ಲಿ ವಕೀಲಿ: ಕಪ್ಪು ಜನಾಂಗದ ಮಕ್ಕಳಿಗೆ ದಾರಿ ಹೇಗಿದೆ?

ನಮ್ಮೂರಲ್ಲಿ ಪಿಯುಸಿ ಮುಗಿಸಿ ನೇರವಾಗಿ ಐದು ವರ್ಷದ ಲಾ ಕೋರ್ಸಿಗೆ ಸೇರಬಹುದು. ಕೆನಡಾದ ಹೆಚ್ಚಿನ ಕಡೆ ಹಾಗಿಲ್ಲ. ಮೊದಲು ಬೇರೆ ವಿಷಯದಲ್ಲಿ ಕಾಲೇಜು ಓದು, ಹೆಚ್ಚಿನ ಕಡೆ ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ಮೂರು ವರ್ಷದ ಜೆಡಿ ಎಂಬ ಕಾನೂನು ಪದವಿ. ಅಷ್ಟಕ್ಕೇ ಮುಗಿಯುವುದಿಲ್ಲ. ಒಂಟಾರಿಯೋ ಪ್ರಾಂತ್ಯದಲ್ಲಿ ಲೈಸೆನ್ಸ್ ಬೇಕಾದರೆ ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವವರು), ಸಾಲಿಸಿಟರ್ (ಕಾನೂನು ಸಲಹೆ, ಕಾಗದಪತ್ರ ನೋಡುವವರು) ಪರೀಕ್ಷೆಗಳೂ ಇವೆ. ಜೊತೆಗೆ ಹೆಚ್ಚಿನವರು ಒಬ್ಬ ಲಾಯರ್ ಕೈಕೆಳಗೆ ತಿಂಗಳುಗಟ್ಟಲೆ ಆರ್ಟಿಕ್ಲಿಂಗ್, ಅಂದರೆ ಕೆಲಸ ಕಲಿಯುವ ತರಬೇತಿ, ಮಾಡುತ್ತಾರೆ.

ಕಷ್ಟ ಇರುವುದು ಇಲ್ಲೇ. ಮನೆಯಲ್ಲೋ ನೆಂಟರಲ್ಲೋ ಲಾಯರ್ ಇದ್ದರೆ ಯಾರನ್ನು ಹೋಗಿ ಕೇಳಬೇಕೆಂದು ಗೊತ್ತಿರುತ್ತದೆ. ಯಾರೂ ಇಲ್ಲದವರು ಏನು ಮಾಡಬೇಕು?

ಡೆಲೋಸ್ ಡೇವಿಸ್ ಅವರ ವಿಷಯ ಪ್ರತಿಯೊಬ್ಬರೂ ತಿಳಿದಿರಬೇಕು ಅನ್ನಿಸುತ್ತದೆ ನನಗೆ. ಒಂಟಾರಿಯೋದಲ್ಲಿ ಮೇಷ್ಟ್ರಾಗಿದ್ದ ಕಪ್ಪು ಜನಾಂಗದವರು. ಕಾನೂನು ಓದಿಕೊಂಡಿದ್ದರು. ಆದರೆ ಬಣ್ಣದ ಕಾರಣಕ್ಕೆ ಒಬ್ಬ ಲಾಯರೂ ಅವರನ್ನು ಆರ್ಟಿಕ್ಲಿಂಗ್‌ಗೆ ಸೇರಿಸಿಕೊಳ್ಳಲಿಲ್ಲ. ಕೊನೆಗೆ 1884ರಲ್ಲಿ ಪ್ರಾಂತ್ಯದ ಶಾಸನಸಭೆ ಅವರೊಬ್ಬರಿಗಾಗಿಯೇ ಒಂದು ಕಾಯ್ದೆ ಮಾಡಿತು. ಪರೀಕ್ಷೆ ಪಾಸಾಗಿ ಶುಲ್ಕ ಕಟ್ಟಿದರೆ ಸಾಲಿಸಿಟರ್ ಆಗಬಹುದು ಎಂದಿತು. ಅವರು ಪಾಸಾದರು. 1910ರಲ್ಲಿ ಹಿರಿಯ ವಕೀಲರಿಗೆ ಕೊಡುವ ಕಿಂಗ್ಸ್ ಕೌನ್ಸೆಲ್ ಗೌರವವೂ ಸಿಕ್ಕಿತು. ಒಬ್ಬ ಮನುಷ್ಯ ವಕೀಲನಾಗಲು ಸರ್ಕಾರವೇ ಕಾಯ್ದೆ ಮಾಡಬೇಕಾಯಿತು, ನೋಡಿ!

ಈಗ ಕಾಯ್ದೆ ಬೇಡ, ಪರಿಚಯ ಬೇಕು. ನೋವಾ ಸ್ಕೋಷಿಯಾದ ಡಲ್‌ಹೌಸಿ ವಿಶ್ವವಿದ್ಯಾಲಯ 1989ರಿಂದ ಅಲ್ಲಿನ ಕಪ್ಪು ಜನಾಂಗದವರಿಗೂ ಮಿಗ್‌ಮಾ ಮೂಲನಿವಾಸಿಗಳಿಗೂ ಕಾನೂನು ಓದಲು ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತಿದೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಬ್ಲ್ಯಾಕ್ ಫ್ಯೂಚರ್ ಲಾಯರ್ಸ್ ಎಂಬ ಕಾರ್ಯಕ್ರಮ ಇದೆ. ಡಿಗ್ರಿ ಓದುತ್ತಿರುವಾಗಲೇ ಕಪ್ಪು ಜನಾಂಗದ ಲಾ ವಿದ್ಯಾರ್ಥಿಗಳ, ವಕೀಲರ ಸಂಪರ್ಕ ಅಲ್ಲಿ ಸಿಗುತ್ತದೆ. ಅರ್ಜಿ ಹೇಗೆ ಬರೆಯಬೇಕು, ಆ ಕೆಲಸ ದಿನಾ ಹೇಗಿರುತ್ತದೆ ಅಂತ ಅವರನ್ನೇ ಕೇಳಬಹುದು.

ಇವು ಕೆನಡಾಕ್ಕೆ ಬಂದ ನಮ್ಮ ಕನ್ನಡಿಗರ ಮಕ್ಕಳಿಗಾಗಿ ಇರುವಂಥವಲ್ಲ. "ನಾವೂ ವಲಸೆ ಬಂದವರೇ ಅಲ್ವಾ, ನಮಗ್ಯಾಕಿಲ್ಲ?" ಅಂತ ಕೆಲವರು ಕೇಳುತ್ತಾರೆ. ಡೇವಿಸ್‌ಗೆ ಆದಂಥದ್ದನ್ನು ಸರಿಪಡಿಸಲು ಇವು ಇರುವುದು, ಅದಕ್ಕೆ. ಆದರೆ ನಿಮ್ಮ ಮಗಳ ಕಪ್ಪು ಜನಾಂಗದ ಗೆಳತಿಗೆ ಈ ವಿಷಯ ಗೊತ್ತಿಲ್ಲದಿರಬಹುದು, ಹೇಳಿ. ಒಂಟಾರಿಯೋದ 11ನೇ ಗ್ರೇಡಿನಲ್ಲಿ ಕಾನೂನು ಒಂದು ಐಚ್ಛಿಕ ವಿಷಯ. ಇಬ್ಬರೂ ಒಟ್ಟಿಗೇ ತೆಗೆದುಕೊಳ್ಳಬಹುದು. ಹೆಚ್ಚಿನ ವಿಚಾರಣೆಗಳನ್ನು ಯಾರು ಬೇಕಾದರೂ ಕೋರ್ಟಿಗೆ ಹೋಗಿ ಕೂತು ನೋಡಬಹುದು, ದುಡ್ಡು ಕೊಡಬೇಕಿಲ್ಲ. ರಜೆಯಲ್ಲಿ ಒಂದು ದಿನ ಇಬ್ಬರನ್ನೂ ಕರೆದುಕೊಂಡು ಹೋಗಿ.

ಕರ್ನಾಟಕದಲ್ಲಿ ಎಲ್ಎಲ್‌ಬಿ ಮಾಡಿ ಇಲ್ಲಿ ಲೈಸೆನ್ಸ್ ಪಡೆದವರೂ ನಮ್ಮಲ್ಲಿದ್ದಾರೆ. ಮುಂದೆ ನೀವೇ ಆರ್ಟಿಕ್ಲಿಂಗ್‌ಗೆ ಜನ ತೆಗೆದುಕೊಳ್ಳುವಾಗ, ಯಾರ ಶಿಫಾರಸೂ ಇಲ್ಲದೆ ಬಂದ ಅರ್ಜಿಯನ್ನೂ ಪೂರ್ತಿ ಓದಿ.