‘ಮಳೆ ಮುಗಿದ ಮೇಲೆ ಬಾ’ ಅಂದರೆ ಏನು ಮಾಡಬೇಕು?

ಮೇ ತಿಂಗಳ ಕೊನೆಯ ವಾರ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಹೋಟೆಲುಗಳ ಸೋಗೆ, ತಗಡು ಇಳಿಸುತ್ತಾರೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುತ್ತಿದ್ದ ಸ್ಕೂಬಾ ಬೋಟುಗಳು ದಡ ಸೇರುತ್ತವೆ. ಮ್ಯಾನೇಜರು ಅಡುಗೆಯವರನ್ನು, ರೂಮ್ ಬಾಯ್‌ಗಳನ್ನು ಕರೆದು ಲೆಕ್ಕ ಚುಕ್ತಾ ಮಾಡಿ, “ಮಳೆ ಮುಗಿದ ಮೇಲೆ ಬಾ ಮಾರಾಯ” ಎನ್ನುತ್ತಾರೆ. ಕೆಲಸ ಹೋಯಿತು ಎನ್ನುವುದಕ್ಕೆ ಇರುವ ದಾಖಲೆ ಆ ಒಂದು ಮಾತು ಮಾತ್ರ.

ಪಕ್ಕದಲ್ಲೇ ಇರುವ ಮೀನುಗಾರರನ್ನು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದಕ್ಕೆಂದೇ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರ್ಕಾರ 3,000 ಸೇರಿಸಿ ಕೊಡುತ್ತದೆ. ಮೊತ್ತ ದೊಡ್ಡದೇನಲ್ಲ. ಆದರೆ ‘ನಿಮಗೆ ಈ ತಿಂಗಳುಗಳಲ್ಲಿ ದುಡಿಮೆ ಇಲ್ಲ, ಗೊತ್ತು’ ಎಂದು ಒಪ್ಪಿಕೊಂಡ ಹಾಗಾಯಿತು, ಅಲ್ವಾ? ಹೋಟೆಲ್, ಹೋಂಸ್ಟೇ, ಬೋಟಿಂಗ್ ಕೆಲಸದವರಿಗೆ ಅಂಥದ್ದಿಲ್ಲ. ಅವರಿಗೆ ಸಿಗುವುದೆಲ್ಲ ಅಲ್ಲಿಷ್ಟು ಇಲ್ಲಿಷ್ಟು ಚೂರು. ಪ್ರತಿ ಚೂರೂ ಕಾಗದ ಕೇಳುತ್ತದೆ. ಹಾಗಾಗಿ ಕಾಗದದಿಂದಲೇ ಶುರು ಮಾಡೋಣ.

ಮೊದಲ ಕೆಲಸ: ಗೇಟು ದಾಟುವ ಮುನ್ನ

ಲೆಕ್ಕ ಚುಕ್ತಾ ಆಗುವ ದಿನವೇ ನಾಲ್ಕು ವಿಷಯ ಕೈಗೆ ಬರಬೇಕು. ನೇಮಕದ ಪತ್ರ, ಕೊನೆಯ ಕೆಲವು ತಿಂಗಳ ಸಂಬಳದ ಚೀಟಿ, ಪಿಎಫ್‌ನ ಯುಎಎನ್ (ಪಿಎಫ್ ಖಾತೆಯ ಕಾಯಂ ನಂಬರು) ಮತ್ತು ಇಎಸ್‌ಐ (ನೌಕರರ ರಾಜ್ಯ ವಿಮೆ) ನಂಬರು, ಜೊತೆಗೆ ಕೆಲಸದ ಕೊನೆಯ ದಿನ ಮತ್ತು ಕಾರಣ ಬರೆದ ಪತ್ರ.

ಈ ಕಾರಣ ಎನ್ನುವುದೇ ಮುಖ್ಯ. ‘ನಾನಾಗಿ ಬಿಡುತ್ತಿದ್ದೇನೆ’ ಎಂದು ಟೈಪ್ ಮಾಡಿದ ಹಾಳೆಗೆ ಸುಮ್ನೆ ಸಹಿ ಹಾಕಬೇಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ್ಯ ನಿಧಿ ಎಂಬುದೊಂದಿದೆ. ಮಾಲೀಕರು ಕೆಲಸದಿಂದ ತೆಗೆದರೆ, ಆ ಕೆಲಸಗಾರನ ಕೊನೆಯ ಸಂಬಳದ 15 ದಿನದಷ್ಟು ಹಣವನ್ನು ಈ ನಿಧಿಗೆ ಕಟ್ಟಬೇಕು. ಅದು 45 ದಿನದೊಳಗೆ ಕೆಲಸಗಾರನ ಖಾತೆಗೆ ಬರಬೇಕು. ಆದರೆ ಸೀಸನ್‌ಗೆ ಮಾತ್ರ ಎಂದು ಬರೆದುಕೊಟ್ಟ ಒಪ್ಪಂದದ ಅವಧಿ ಮುಗಿದರೆ ಅದು ‘ತೆಗೆದದ್ದು’ ಆಗುವುದಿಲ್ಲ. ತಾನಾಗಿ ಬಿಟ್ಟರಂತೂ ಇಲ್ಲವೇ ಇಲ್ಲ. ಒಂದೇ ಮಳೆಗಾಲ, ಮೂರು ಬೇರೆ ಬೇರೆ ಹಣೆಬರಹ!

“ಪತ್ರ ಯಾಕೋ, ನಾನಿಲ್ವಾ?” ಎನ್ನುವ ಧಣಿಗಳೇ ಜಾಸ್ತಿ. ಜಗಳ ಬೇಡ. ವಾಟ್ಸಾಪಿನಲ್ಲಿ “ಸರ್, ನಾಳೆಯಿಂದ ಕೆಲಸ ಇಲ್ಲ ಅಂದ್ರಲ್ಲ, ಯಾವಾಗ ಬರಲಿ?” ಎಂದು ಕೇಳಿ. ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಪತ್ರದಷ್ಟು ಗಟ್ಟಿಯಲ್ಲ, ಆದರೂ ಬಾಯಿಮಾತಿಗಿಂತ ಮೇಲು.

ಎರಡನೆಯದು: ಇಎಸ್‌ಐ ಇದೆಯೇ ನೋಡಿ

ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲು, ರೆಸಾರ್ಟುಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇರಬೇಕು. ಸಂಬಳದ ಚೀಟಿಯಲ್ಲಿ ಶೇ 0.75 ಕಡಿತ ಕಾಣುತ್ತದೆಯೇ ನೋಡಿ. ಕಂಡರೆ, ಬಹಳ ಜನರಿಗೆ ಹೆಸರೇ ಗೊತ್ತಿಲ್ಲದ ಒಂದು ಸೌಲಭ್ಯ ನಿಮಗೆ ಸಿಗಬಹುದು: ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈನಲ್ಲಿ ಶುರುವಾಯಿತು. ಕೆಲಸ ಹೋದವರಿಗೆ ದಿನದ ಸರಾಸರಿ ದುಡಿಮೆಯ ಕಾಲು ಭಾಗ ಸಿಗುತ್ತಿತ್ತು. ಕೊರೊನಾ ವರ್ಷದಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಗರಿಷ್ಠ 90 ದಿನ. ಕೆಲಸ ಹೋಗಿ 30 ದಿನವಾದ ಮೇಲೆ ಇಎಸ್‌ಐ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ಆದ್ದರಿಂದ ಈಗ ಚಾಲ್ತಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ಮೊದಲೇ ಕೇಳಿ.

ಸೀಸನ್ ಕೆಲಸದವರು ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಇಎಸ್‌ಐ ವರ್ಷ ಎರಡು ಭಾಗ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಮೊದಲಿದ್ದ ನಿಯಮದಂತೆ ಹಿಂದಿನ ಎರಡು ವರ್ಷದ ನಾಲ್ಕೂ ಅವಧಿಗಳಲ್ಲಿ ತಲಾ 78 ದಿನ ವಂತಿಗೆ ಕಟ್ಟಿರಬೇಕಿತ್ತು. ಮೇ ಕೊನೆಗೆ ಮನೆಗೆ ಹೋಗುವವನಿಗೆ ಏಪ್ರಿಲ್, ಮೇ ಸೇರಿ 61 ದಿನ ಮಾತ್ರ. ಅಲ್ಲಿಗೇ ಹೊರಗೆ. ಸಡಿಲಿಸಿದ ನಿಯಮದಲ್ಲಿ ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನ, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಇದ್ದರೆ ಸಾಕು. ಎರಡು ವರ್ಷ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಡದೆ ದುಡಿದವರು ಇದಕ್ಕೆ ಒಳಗಾಗುತ್ತಾರೆ.

ಹಣ ಎಷ್ಟು? ಎರಡು ವರ್ಷದ ಒಟ್ಟು ಸಂಬಳವನ್ನು 730 ದಿನಕ್ಕೆ ಹಂಚುತ್ತಾರೆ. ತಿಂಗಳಿಗೆ 15,000ದಂತೆ ಇಡೀ ವರ್ಷ ದುಡಿದವನಿಗೆ 90 ದಿನಕ್ಕೆ ಸುಮಾರು 22,000 ರೂಪಾಯಿ. ವರ್ಷಕ್ಕೆ ಎಂಟೇ ತಿಂಗಳು ದುಡಿದವನಿಗೆ ಸುಮಾರು 14,800. ಖಾಲಿ ಕೂತ ಮಳೆಗಾಲವೂ ಭಾಗಾಕಾರದಲ್ಲಿ ಸೇರಿಬಿಡುತ್ತದೆ.

ಇನ್ನೊಂದು ಮಾತು. ಇದು ಜೀವಮಾನದಲ್ಲಿ ಒಂದೇ ಸಲ ಸಿಗುವುದು. ಪ್ರತಿವರ್ಷ ಬರುವ ಮಳೆಗೆ ಇದನ್ನು ಖರ್ಚು ಮಾಡುವುದು ನನಗೇನೋ ಸರಿ ಕಾಣುವುದಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು. ಅದೇ ಡಿಸೆಂಬರ್‌ನಲ್ಲಿ ವಿದ್ಯಾರ್ಥಿನಿಯರು ಮುಳುಗಿದ ದುರಂತದ ನಂತರ ಮುರ್ಡೇಶ್ವರದ ಬೀಚಿಗೇ ಪ್ರವಾಸಿಗರನ್ನು ಬಿಡಲಿಲ್ಲ. ಹೇಳದೆ ಕೇಳದೆ ಬರುವ ಅಂಥ ಹೊಡೆತಕ್ಕೆ ಇದನ್ನು ಉಳಿಸಿಕೊಳ್ಳಿ. ವಾಪಸ್ ಕರೆಯುವವರೇ ಇಲ್ಲ ಎನ್ನುವ ಸ್ಥಿತಿ ಬಂದಾಗ ಬಳಸಿ.

ಮೂರನೆಯದು: ಪಿಎಫ್ ಕೆದಕುವ ಮುನ್ನ

ನಮ್ಮ ಚಿಕ್ಕಮ್ಮನ ಮಗ ಎರಡು ಸೀಸನ್ ಗೋವಾದಲ್ಲಿ, ಮೂರು ಸೀಸನ್ ಕಾರವಾರದಲ್ಲಿ ದುಡಿದ. ಅವನ ಹೆಸರಲ್ಲಿ ಎರಡು ಯುಎಎನ್. ಒಂದರಲ್ಲಿ ಹುಟ್ಟಿದ ದಿನವೇ ತಪ್ಪು. ಅದನ್ನು ಸರಿಮಾಡಿಸುವುದರಲ್ಲೇ ಒಂದು ಮಳೆಗಾಲ ಕಳೆಯಿತು. ಯುಎಎನ್ ಇಡೀ ದೇಶಕ್ಕೆ ಒಂದೇ. ಮಾಜಾಳಿ ಗಡಿ ದಾಟಿದರೂ ಅದೇ ನಂಬರು.

ಮಾಲೀಕರು ಕೆಲಸ ಬಿಟ್ಟ ದಿನಾಂಕ ಹಾಕಿಲ್ಲವೇ? ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಪೋರ್ಟಲಿನಲ್ಲಿ ನೀವೇ ಹಾಕಿಕೊಳ್ಳಬಹುದು. ಆದರೆ ಪಿಂಚಣಿ ಭಾಗಕ್ಕೆ ಕೈ ಹಾಕಬೇಡಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು. ತೆಗೆದಾಗಲೆಲ್ಲ ಎಣಿಕೆ ಸೊನ್ನೆಗೆ ಬರುತ್ತದೆ.

ಪದವಿ, ಡಿಪ್ಲೊಮಾ ಮುಗಿಸಿ ಇನ್ನೂ ಕೆಲಸವೇ ಸಿಗದವರಿಗೆ ಯುವನಿಧಿ ಇದೆ. 2022-23ರಿಂದೀಚೆಗೆ ಪಾಸಾಗಿ, 180 ದಿನ ಕಳೆದರೂ ಕೆಲಸವಿಲ್ಲದಿದ್ದರೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಅರ್ಜಿ ಸೇವಾಸಿಂಧುವಿನಲ್ಲಿ. ನಾಲ್ಕೈದು ಜನರ ಶ್ಯಾಕ್‌ನಲ್ಲಿ (ಬೀಚಿನ ಸಣ್ಣ ಹೋಟೆಲು) ದುಡಿದು ಪಿಎಫ್, ಇಎಸ್‌ಐ ಎರಡೂ ಇಲ್ಲದವರು ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಮಾಡಿಸಿಕೊಳ್ಳಿ. ಅದರಿಂದ ನಿರುದ್ಯೋಗ ಭತ್ಯೆ ಬರುವುದಿಲ್ಲ. ಹೆಸರು ಸರ್ಕಾರದ ಪಟ್ಟಿಯಲ್ಲಿ ಇರುತ್ತದೆ ಅಷ್ಟೇ.

ನಾಲ್ಕನೆಯದು: ಏನು ಕಲಿಯಬೇಕು?

ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಇದೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಆರ್‌ಸೆಟಿ ಕೋರ್ಸುಗಳು ಕೆಲವು ದಿನಗಳಿಂದ ಒಂದೂವರೆ ತಿಂಗಳವರೆಗೆ ಇರುತ್ತವೆ. ಕರಾವಳಿಯವರು ಘಟ್ಟ ಹತ್ತಬೇಕು, ನಿಜ. ಆದರೆ ಅಲ್ಲೇ ಉಳಿಯುವುದರಿಂದ ದಿನವೂ ಓಡಾಟವಿಲ್ಲ. ಯಾವ ಬ್ಯಾಚ್ ಯಾವಾಗ ಎಂದು ಏಪ್ರಿಲ್‌ನಲ್ಲೇ ಫೋನ್ ಮಾಡಿ ಕೇಳಿಕೊಳ್ಳಿ. ಜೂನ್‌ನಲ್ಲಿ ಕೇಳಿದರೆ ಸೀಟು ತುಂಬಿರಬಹುದು.

ಕೆಲಸ ಹೋದವರಿಗೆಲ್ಲ ಬೇಸಿಕ್ ಕಂಪ್ಯೂಟರ್ ಕಲಿಸುವುದು ಒಂದು ಚಾಳಿಯಾಗಿದೆ. ನನ್ನನ್ನು ಕೇಳಿದರೆ ಎಸಿ, ಫ್ರಿಜ್ ರಿಪೇರಿ, ವೈರಿಂಗ್, ಪ್ಲಂಬಿಂಗ್ ಮೇಲು. ಉಪ್ಪುಗಾಳಿಗೆ ನಮ್ಮ ಕಡೆ ಎಸಿಯ ಹೊರಗಿನ ಡಬ್ಬ ಬೇಗ ತುಕ್ಕು ಹಿಡಿಯುತ್ತದೆ. ರೆಸಾರ್ಟುಗಳು ದುರಸ್ತಿ ಮಾಡಿಸುವುದೂ ಗಿರಾಕಿ ಇಲ್ಲದ ಮಳೆಗಾಲದಲ್ಲೇ. ರೂಮ್ ಬಾಯ್‌ಗೆ ಕೆಲಸ ಇಲ್ಲದಾಗಲೇ ರಿಪೇರಿಯವನಿಗೆ ಕೆಲಸ!

ಬೋಟು ಓಡಿಸುವವರು ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯ ವೇಳಾಪಟ್ಟಿ ನೋಡಿ. ಪವರ್ ಬೋಟ್ ನಡೆಸುವುದು, ಮುಳುಗುವವರನ್ನು ಕಾಪಾಡುವುದು ಎರಡಕ್ಕೂ ಅಲ್ಲಿ ಕೋರ್ಸುಗಳಿವೆ. ದೋಣಿ ಕಟ್ಟುವ, ಬಲೆ ಹೆಣೆಯುವ ಕಸುಬು ಮನೆಯಲ್ಲಿದ್ದರೆ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅವೆರಡೂ ಇವೆ. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000ದವರೆಗೆ ನೆರವು.

ಸೆಪ್ಟೆಂಬರ್ ಕೊನೆಗೆ ಮ್ಯಾನೇಜರ ಫೋನ್ ಬರುತ್ತದೆ. ಹೋಗುವಾಗ ಹೊಸ ಸರ್ಟಿಫಿಕೇಟಿನ ಜೆರಾಕ್ಸ್ ತೋರಿಸಿ ಸಂಬಳ ಮಾತಾಡಿ. ಹಳೆಯ ಯುಎಎನ್, ಹಳೆಯ ಇಎಸ್‌ಐ ನಂಬರನ್ನೇ ಕೊಡಿ. ನೇಮಕದ ಪತ್ರವನ್ನು ಈ ಸಲ ಮೊದಲ ದಿನವೇ ಕೇಳಿ.