ಅಂಗಡಿಯಲ್ಲಿ ಏನಿದೆಯೋ ಅದೇ ಅಡುಗೆ

ಸಾಮಾನಿನ ಚೀಟಿ ಬರೆಯುವುದನ್ನು ನಾನು ಬಿಟ್ಟು ಬಹಳ ದಿನ ಆಯ್ತು. ಬಸವನಗುಡಿಯಲ್ಲಿ ನಮ್ಮ ಮನೆ ಹತ್ತಿರ ಒಂದು ಪುಟ್ಟ ಅಂಗಡಿ ಇದೆ. ಮಾಗಡಿ, ತುಮಕೂರು, ಕೋಲಾರದ ಕಡೆ ರೈತರು ಬೆಳೆದದ್ದನ್ನು ನೇರವಾಗಿ ತರಿಸಿ ಮಾರುತ್ತಾರೆ. ರಾಗಿ, ಕೊರಲೆ ಅನ್ನೋ ಸಿರಿಧಾನ್ಯ, ಹುರುಳಿ, ಗಾಣದ ಕಡಲೆಕಾಯಿ ಎಣ್ಣೆ, ಮಲೆನಾಡಿನ ಜೋನಿ ಬೆಲ್ಲ, ಬಾಗಿಲ ಪಕ್ಕ ಅವತ್ತಿನ ಸೊಪ್ಪು. ಇವತ್ತು ಸಿಕ್ಕಿದ್ದು ನಾಳೆ ಸಿಗುವುದಿಲ್ಲ. ಹಾಗಾಗಿ ಮೊದಲು ಚೀಲ ತುಂಬಿಸುತ್ತೇನೆ, ಏನು ಮಾಡುವುದು ಅಂತ ಆಮೇಲೆ ನೋಡಿಕೊಳ್ಳುತ್ತೇನೆ.

ಅಲ್ಲಿ ಮೂಟೆಗಳ ಮೇಲೆ ಊರಿನ ಹೆಸರು, ಕೊಯ್ಲಿನ ತಿಂಗಳು ಬರೆದಿರುತ್ತಾರೆ. ಊರು ಸುಮ್ನೆ ಖುಷಿಗೆ. ಅಡುಗೆಗೆ ಬೇಕಾದದ್ದು ತಿಂಗಳು. "ಇದು ಹೊಸ ಅಕ್ಕಿ ಕಣಮ್ಮ, ನೀರು ಕಮ್ಮಿ ಇಡಿ" ಅಂತ ಅಂಗಡಿಯ ಅಕ್ಕ ರಾಜಮುಡಿ ತೂಗುವಾಗಲೇ ಹೇಳುತ್ತಾರೆ. ಹೊಸ ಅಕ್ಕಿ ಬೇಗ ಮೆತ್ತಗಾಗುತ್ತದೆ, ಹಳೆಯದು ನೀರು ಜಾಸ್ತಿ ಕುಡಿದು ಉದುರುದುರಾಗುತ್ತದೆ. ಹೊಸದು ಸಿಕ್ಕಿದರೆ ಮೊಸರನ್ನ, ಹಳೆಯದಾದರೆ ಚಿತ್ರಾನ್ನ.

ಪಾಲಿಶ್ ಮಾಡದ ಧಾನ್ಯವನ್ನು ಕಿಲೋಗಟ್ಟಲೆ ತಂದಿಡುವುದಿಲ್ಲ. ತವುಡಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕನರು ವಾಸನೆ ಬರುತ್ತದೆ. ಕೊರಲೆಯನ್ನಂತೂ ರಾತ್ರಿಯೇ ನೆನೆಹಾಕಬೇಕು. ಇಲ್ಲದಿದ್ದರೆ ಎಷ್ಟು ಕೂಗಿಸಿದರೂ ನಡುವೆ ಗಟ್ಟಿ.

ನಮ್ಮ ಮನೆಯಲ್ಲಿ ಜಾಸ್ತಿ ಆಗುವುದು ಬಸ್ಸಾರು. ಯಾವ ಸೊಪ್ಪು ಬಂದರೂ ಒಗ್ಗುವ ಅಡುಗೆ ಅದು, ಅಲ್ವಾ? ಅಣ್ಣೆ ಸೊಪ್ಪು ಇದ್ದರೆ ನಾನು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ನೆನೆದ ಹುರುಳಿಕಾಳನ್ನು ಮೊದಲು ಬೇಯಿಸುತ್ತೇನೆ. ಅದು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಪಾತ್ರೆ ಮುಚ್ಚದೆ ಬೇಯಿಸಿ, ಕಟ್ಟು ಬಸಿದಿಡುತ್ತೇನೆ. ಮಸಾಲೆಗೆ ಬೆಂಗಳೂರು ಗುಲಾಬಿ ಈರುಳ್ಳಿ. 2015ರಲ್ಲಿ ಇದಕ್ಕೆ ಭೌಗೋಳಿಕ ಗುರುತು, ಅಂದರೆ ಈ ಪ್ರದೇಶದ್ದೇ ಬೆಳೆ ಅನ್ನುವ ಜಿಐ ಮಾನ್ಯತೆ, ಸಿಕ್ಕಿತು. ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ನಮ್ಮೂರಿನವರೇ ಖಾರ ಅಂತ ದೂರ ಇಡುತ್ತಾರೆ. ಬಸ್ಸಾರಿಗೆ ಆ ಖಾರವೇ ಬೇಕು. ಸಿಪ್ಪೆ ಸಮೇತ ಒಲೆ ಉರಿಯಲ್ಲಿ ಸುಟ್ಟು, ಸಿಪ್ಪೆ ತೆಗೆದು, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಒಂದು ಹಿಡಿ ಬೆಂದ ಕಾಳಿನ ಜೊತೆ ನುಣ್ಣಗೆ ರುಬ್ಬುತ್ತೇನೆ. ಇದನ್ನು ಕಟ್ಟಿಗೆ ಸೇರಿಸಿ ಚೆನ್ನಾಗಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಗಾಣದ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟರೆ ಪಲ್ಯ. ಎಣ್ಣೆಯನ್ನು ಹೊಗೆಯಾಡುವಷ್ಟು ಕಾಯಿಸಬೇಡಿ, ದುಡ್ಡು ಕೊಟ್ಟಿದ್ದೇ ಆ ಘಮಕ್ಕೆ.

ಪಕ್ಕದಲ್ಲಿ ಮುದ್ದೆ ಇರಲೇಬೇಕು. ಹಿಟ್ಟು ತರುವುದಿಲ್ಲ, ರಾಗಿ ತಂದು ಮಿಲ್ಲಿಗೆ ಹಾಕಿಸುತ್ತೇನೆ. ಅಂಗಡಿಗೆ ಬರುವ ಹಿರಿಯ ರೈತರೊಬ್ಬರು ಇಂಡಾಫ್ ರಾಗಿಯ ಮಾತು ಬಂದರೆ ಲಕ್ಷ್ಮಣಯ್ಯನವರನ್ನು ನೆನೆಯದೆ ಬಿಡುವುದಿಲ್ಲ. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಆ ತಳಿಗಳನ್ನು ಕೊಟ್ಟ ವಿಜ್ಞಾನಿ ಅವರು.

ಡಿಸೆಂಬರ್ ಬಂದರೆ ಬಸ್ಸಾರಿಗೆ ರಜೆ. ಸೊಗಡಿನ ಅವರೆಕಾಯಿ ಬರುತ್ತದೆ. ಸುಲಿದು, ರಾತ್ರಿ ನೆನೆಸಿ, ಬೆಳಿಗ್ಗೆ ಹಿತುಕುವುದಕ್ಕೆ ಮನೆಯವರೆಲ್ಲ ಕೂರಬೇಕು. ಆಗ ಗಾಣದ ಎಣ್ಣೆ ಕೂಡ ಹಾಕುವುದಿಲ್ಲ, ಅದರ ವಾಸನೆ ಸೊಗಡನ್ನು ಮುಚ್ಚಿಬಿಡುತ್ತದೆ. ಒಗ್ಗರಣೆಗೆ ತುಪ್ಪ ಸಾಕು.