ಅಪೀಲಿಗೆ ಹೋಗುವ ಮುನ್ನ ತೀರ್ಪು ಓದುವುದು ಹೇಗೆ?

ಶಿರಸಿಯಿರಲಿ, ಕಾರವಾರವಿರಲಿ, ಕೇಸು ಸೋತವರು ಕೋರ್ಟಿನ ಮೆಟ್ಟಿಲು ಇಳಿಯುತ್ತ ಹೇಳುವ ಮಾತು ಒಂದೇ: 'ಮೇಲಿನ ಕೋರ್ಟಿನಲ್ಲಿ ನೋಡ್ಕೊಳ್ತೆ.' ಅಲ್ಲಿ ಸಾಕ್ಷಿಗಳನ್ನು ಮತ್ತೆ ಕರೆಸುತ್ತಾರೆ, ಎಲ್ಲವನ್ನೂ ಮೊದಲಿನಿಂದ ಹೇಳಬಹುದು ಎಂಬ ನಂಬಿಕೆ ಸುಮಾರು ಜನರಿಗಿದೆ. ಹಾಗೇನೂ ಇಲ್ಲ. ಅಪೀಲು ನಡೆಯುವುದು ಕಾಗದದ ಮೇಲೆ. ಕೆಳಗಿನ ಕೋರ್ಟಿನಲ್ಲಿ ಬರೆದುಕೊಂಡ ಸಾಕ್ಷಿ, ಪಾಟೀ ಸವಾಲು, ಹಾಜರುಪಡಿಸಿದ ದಾಖಲೆ, ಇಷ್ಟೇ ಬಂಡವಾಳ. ತೀರ್ಪಿನ ಯಾವ ಮಾತು ಈ ಕಾಗದಕ್ಕೆ ಹೊಂದುವುದಿಲ್ಲ ಎಂದು ತೋರಿಸುವವರಿಗೇ ಅಲ್ಲಿ ಬೆಲೆ.

ಮೊದಲು ನಕಲು ತೆಗೆಸಿ

ತೀರ್ಪು ಬಂದ ದಿನವೇ ನಕಲು ಅರ್ಜಿ ಹಾಕಿ. ತೀರ್ಪಿನ ನಕಲಷ್ಟೇ ಸಾಲದು. ಎಲ್ಲ ಸಾಕ್ಷಿಗಳ ಹೇಳಿಕೆ, ಮುಖ್ಯ ದಾಖಲೆಗಳ ನಕಲೂ ಬೇಕು. ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಹೋಗುವುದಾದರೆ ಸಾಮಾನ್ಯವಾಗಿ 30 ದಿನದ ಗಡುವು. ಘಟ್ಟ ಹತ್ತಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವುದಾದರೆ ಸಿವಿಲ್ ಕೇಸಿಗೆ 90 ದಿನ. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾದವರಿಗೆ 60 ದಿನ, ಮರಣದಂಡನೆಯಾದರೆ 30. ಖುಲಾಸೆಯ, ಅಂದರೆ ಆರೋಪಿಯ ಬಿಡುಗಡೆಯ ವಿರುದ್ಧ ಹೋಗುವವರ ಲೆಕ್ಕ ಬೇರೆ, ಅದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಗಡುವಿನಿಂದ ಬಿಡುತ್ತಾರೆ.

ನಕಲು ಕೈಗೆ ಬಂತು. ಎಲ್ಲರೂ ಕೊನೆಯ ಪುಟ ತೆಗೆಯುತ್ತಾರೆ. ಅಲ್ಲಿರುವುದು ನಿಮಗೆ ಗೊತ್ತೇ ಇದೆ, ಅಲ್ವಾ? ಒಂದು ನೋಟ್‌ಬುಕ್ ಹಿಡಿದು ಮಧ್ಯದ ಪುಟಗಳಿಗೆ ಬನ್ನಿ. ಎಡಗಡೆ ನ್ಯಾಯಾಧೀಶರು ಮುಟ್ಟಿದ ಒಂದೊಂದೇ ನಿರ್ಧಾರ ಬರೆಯಿರಿ. ಬಲಗಡೆ ಅದಕ್ಕೆ ಆಧಾರ ಬರೆಯಿರಿ: ಯಾವ ಸಾಕ್ಷಿ, ಯಾವ ಪುಟ, ಯಾವ ದಾಖಲೆ. ಎಡಗಡೆ ತುಂಬಿ ಬಲಗಡೆ ಖಾಲಿ ಉಳಿದ ಸಾಲಿದ್ದರೆ ಅದರ ಕೆಳಗೆ ಗೆರೆ ಹಾಕಿ. ಬಲಗಡೆ ಬರೆದ ಪುಟದಲ್ಲಿ ಸಾಕ್ಷಿ ಬೇರೆಯದನ್ನೇ ಹೇಳಿದ್ದರೆ ಎರಡು ಗೆರೆ ಹಾಕಿ.

ಸಿವಿಲ್ ಕೇಸಿನ ತೂಕ

ಸಿವಿಲ್ ಕೇಸಿನಲ್ಲಿ ನೋಡುವುದು ಯಾರ ಮಾತು ಹೆಚ್ಚು ನಂಬುವಂತಿದೆ ಎಂಬುದನ್ನು. ಸಂಶಯವೇ ಇರಬಾರದು ಎಂದಿಲ್ಲ.

ಒಂದು ಉದಾಹರಣೆ ನೋಡೋಣ. ಶಿರಸಿ ಕಡೆಯ ಅಡಿಕೆ ತೋಟ. ಪಾಲು ಕೇಳಿ ತಮ್ಮ ದಾವೆ ಹೂಡಿದ. 'ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ' ಎಂದ ಅಣ್ಣ. ಪಾಲಾಗಿದೆ ಎಂದವನೇ ಅದನ್ನು ಸಾಬೀತು ಮಾಡಬೇಕು. ಅಣ್ಣ ಇಬ್ಬರು ನೆಂಟರಿಂದ ಸಾಕ್ಷಿ ಹೇಳಿಸಿದ. ಜತೆಗೆ ಬೇರೆ ಬೇರೆ ಹೆಸರಿನ ಪಹಣಿ ಕೊಟ್ಟ. ಇಬ್ಬರೂ ಬೇರೆ ಬೇರೆಯಾಗಿ ಬೆಳೆಸಾಲ ತೆಗೆದ, ಅಡಿಕೆ ವಿಕ್ರಿ ಮಾಡಿದ ಸೊಸೈಟಿ ಕಾಗದವನ್ನೂ ಕೊಟ್ಟ. ಕೆಳಗಿನ ಕೋರ್ಟು 'ನೆಂಟರ ಮಾತು ನಂಬುವಂತಿಲ್ಲ' ಎಂದು ಹೇಳಿ ಸೊಸೈಟಿ ಕಾಗದದ ಸುದ್ದಿಯನ್ನೇ ಎತ್ತದೆ ತಮ್ಮನ ಪರ ತೀರ್ಪು ಕೊಟ್ಟಿತು ಎನ್ನಿ. ಅಪೀಲಿಗೆ ಇದು ಒಳ್ಳೆಯ ಜಾಗ. ನೆಂಟರನ್ನು ಯಾಕೆ ನಂಬಲಿಲ್ಲ ಎಂದು ಜಗ್ಗಾಡುವುದು ಕಷ್ಟ. ಅವರು ಕಟಕಟೆಯಲ್ಲಿ ತಡವರಿಸಿದ್ದನ್ನು ಕಣ್ಣಾರೆ ಕಂಡವರು ಆ ನ್ಯಾಯಾಧೀಶರು. ಬರೀ ಬಾಯಿಮಾತಿನ ಸಾಕ್ಷಿಯ ವಿಷಯದಲ್ಲಿ ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದು ಸುಪ್ರೀಂ ಕೋರ್ಟು 1950ರ ಸರ್ಜೂ ಪರ್ಷಾದ್ ಕೇಸಿನಲ್ಲಿಯೇ ಹೇಳಿದೆ. ಆದರೆ ಕಾಗದವನ್ನು ಓದಲು ಮೇಲಿನ ಕೋರ್ಟಿಗೂ ಅಷ್ಟೇ ಕಣ್ಣಿದೆ.

ಪಹಣಿಯ ಬಗ್ಗೆ ನಮ್ಮಲ್ಲಿ ಅತಿ ನಂಬಿಕೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಅದರಲ್ಲಿ ಬರೆದದ್ದು ಸುಳ್ಳೆಂದು ತೋರಿಸುವವರೆಗೆ ನಿಜ ಎಂದು ಇಟ್ಟುಕೊಳ್ಳುತ್ತಾರೆ. ಹಾಗಂತ ಅದು ಮಾಲೀಕತ್ವದ ಪತ್ರವಲ್ಲ. ಕೇಳುತ್ತಿರುವುದು ಹೆಣ್ಣುಮಕ್ಕಳ ಪಾಲಾದರೆ ಅಣ್ಣನ ದಾರಿ ಇನ್ನೂ ಕಡಿದು. ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪಬಾರದು, ಅದಕ್ಕೆ ಸಾರ್ವಜನಿಕ ದಾಖಲೆಯ ಬೆಂಬಲ ಬೇಕು ಎಂದು 2020ರ ವಿನೀತಾ ಶರ್ಮಾ ತೀರ್ಪು ಹೇಳುತ್ತದೆ.

ಸಿವಿಲ್ ಕೇಸಿನ ಮೊದಲ ಅಪೀಲು ದೊಡ್ಡ ಅವಕಾಶ. ಸಂಗತಿ, ಕಾನೂನು ಎರಡನ್ನೂ ಆ ಕೋರ್ಟು ಹೊಸದಾಗಿ ತೂಗಬಹುದು. ತೂಗಲೇಬೇಕು ಕೂಡ: ಪ್ರಶ್ನೆಗಳನ್ನು ಎತ್ತಿಕೊಂಡು, ಒಂದೊಂದಕ್ಕೂ ಕಾರಣ ಬರೆಯಬೇಕು ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 31ನೇ ನಿಯಮ. 'ಕೆಳಗಿನ ಕೋರ್ಟು ಹೇಳಿದ್ದು ಸರಿ' ಎಂದು ಒಂದು ಸಾಲಿನಲ್ಲಿ ಮುಗಿಸುವಂತಿಲ್ಲ. ಹೈಕೋರ್ಟಿನ ಎರಡನೇ ಅಪೀಲಿಗೆ ಬಂದರೆ ಬಾಗಿಲು ಕಿರಿದು. ಅಲ್ಲಿ ಕಾನೂನಿನ ಗಟ್ಟಿ ಪ್ರಶ್ನೆ ಇರಬೇಕು. 'ಸಾಕ್ಷಿ ಸುಳ್ಳು ಹೇಳಿದ' ಎಂಬುದು ಕಾನೂನಿನ ಪ್ರಶ್ನೆಯಲ್ಲ. ಹಾಗಾಗಿ ದುಡ್ಡು, ಶ್ರಮ ಎರಡನ್ನೂ ಮೊದಲ ಅಪೀಲಿಗೇ ಹಾಕಿ ಎಂಬುದು ನನ್ನ ಸಲಹೆ.

ಅಟ್ಟದ ಮೇಲೆ ಹಳೆಯ ಕಾಗದ ಸಿಕ್ಕಿತು, ಈಗ ಕೊಡಬಹುದಾ? ಕೆಳಗಿನ ಕೋರ್ಟು ತಪ್ಪಾಗಿ ನಿರಾಕರಿಸಿದ್ದರೆ, ಎಷ್ಟು ಹುಡುಕಿದರೂ ಆಗ ಸಿಗದೇ ಹೋಗಿದ್ದರೆ, ಇಲ್ಲವೇ ತೀರ್ಪು ಕೊಡಲು ಕೋರ್ಟಿಗೇ ಅದು ಬೇಕೆನಿಸಿದರೆ ಕೊಡಬಹುದು. 'ಆಗ ನೆನಪಾಗಲಿಲ್ಲ' ಎಂದರೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಕ್ರಿಮಿನಲ್ ಕೇಸಿನಲ್ಲಿ ತಕ್ಕಡಿಯೇ ಬೇರೆ

ಇಲ್ಲಿ ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು, ಅಂದರೆ ಕೇಸು ನಡೆಸುವ ಸರ್ಕಾರದ ಕಡೆಯವರದು. ಕಾರವಾರದ ಬೈತಖೋಲ ಬಂದರಿನಲ್ಲಿ ರಾತ್ರಿ ಹೊಡೆದಾಟವಾಗಿ ಒಬ್ಬನಿಗೆ ಶಿಕ್ಷೆಯಾಗಿದೆ ಎಂದು ಇಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ ಪ್ರಶ್ನೆಗಳು ಇಂಥವು: ಸಾಕ್ಷಿ ಎಷ್ಟು ದೂರದಲ್ಲಿದ್ದ? ದೋಣಿಯ ದೀಪ ಉರಿಯುತ್ತಿತ್ತೆಂದು ಯಾರಾದರೂ ಹೇಳಿದ್ದಾರಾ? ಗಾಯದ ಬಗ್ಗೆ ಡಾಕ್ಟರು ಹೇಳಿದ್ದಕ್ಕೂ ಆಯುಧಕ್ಕೂ ತಾಳೆಯಾಗುತ್ತದಾ? ದೂರು ಕೊಡಲು ತಡವಾಯಿತೆ, ಆಗಿದ್ದರೆ ಕಾರಣ ಹೇಳಿದ್ದಾರೆಯೇ?

ಸಾಕ್ಷಿಗಳ ತಲೆ ಎಣಿಸಬೇಡಿ. ಇಂತಿಷ್ಟು ಸಾಕ್ಷಿ ಬೇಕೆಂದು ಕಾನೂನು ಹೇಳುವುದಿಲ್ಲ. ಪೂರ್ತಿ ನಂಬಬಹುದಾದ ಒಬ್ಬನಿದ್ದರೂ ಸಾಕು ಎಂಬುದು 1957ರ ವಡಿವೇಲು ತೇವರ್ ತೀರ್ಪಿನಿಂದ ಬಂದ ಮಾತು. ಅರ್ಧ ನಂಬುವ, ಅರ್ಧ ನಂಬದ ಸಾಕ್ಷಿಯಾದರೆ ಬೇರೆ ಕಡೆಯಿಂದ ಪುಷ್ಟಿ ಹುಡುಕುತ್ತಾರೆ. ಒಂದು ಮಾತು ಸುಳ್ಳಾದರೆ ಇಡೀ ಸಾಕ್ಷಿ ಬಿದ್ದುಹೋಯಿತು ಎಂಬ ವಾದವೂ ನಮ್ಮ ಕೋರ್ಟುಗಳಲ್ಲಿ ನಡೆಯುವುದಿಲ್ಲ. ಒಂದು ಕೆಟ್ಟ ಅಡಿಕೆ ಸಿಕ್ಕಿತೆಂದು ಯಾರೂ ಚೀಲವನ್ನೇ ಎಸೆಯುವುದಿಲ್ಲ, ಆರಿಸುತ್ತಾರೆ. ತಿರುಗಿಬಿದ್ದ ಸಾಕ್ಷಿಯ ಮಾತನ್ನೂ ಹೀಗೇ ಆರಿಸುತ್ತಾರೆ.

ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ಕೋರ್ಟಿನ ಮಾತಿಗೂ ವ್ಯತ್ಯಾಸ ಕಂಡರೆ ಜನರಿಗೆ ಖುಷಿಯೋ ಖುಷಿ. ಸ್ವಲ್ಪ ತಡೆಯಿರಿ. ಪೊಲೀಸ್ ಹೇಳಿಕೆ ತಾನೇ ಸಾಕ್ಷ್ಯವಲ್ಲ. ಆ ವ್ಯತ್ಯಾಸವನ್ನು ಪಾಟೀ ಸವಾಲಿನಲ್ಲಿ ಸಾಕ್ಷಿಯ ಮುಂದಿಟ್ಟು ಕೇಳಿರಬೇಕು. ಆ ಮೇಲೆ ತನಿಖಾಧಿಕಾರಿಯಿಂದ ಅದನ್ನು ಸಾಬೀತು ಮಾಡಿಸಿರಬೇಕು. ಎರಡೂ ಆಗಿಲ್ಲವಾದರೆ ಅಪೀಲಿನಲ್ಲಿ ಅದು ನಿಲ್ಲುವುದು ಕಷ್ಟ. ಇನ್ನು, ಹತ್ತು ಗಂಟೆಯೋ ಹತ್ತೂಕಾಲೋ ಎಂಬಂಥ ಸಣ್ಣ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಡೆದವನು ಯಾರು ಎಂಬುದರಲ್ಲೇ ವ್ಯತ್ಯಾಸವಿದ್ದರೆ ಮಾತ್ರ ಕೇಸು ಅಲುಗುತ್ತದೆ.

ಕಣ್ಣಾರೆ ಕಂಡವರೇ ಇಲ್ಲದ ಕೇಸಿಗೆ 1984ರ ಶರದ್ ಸಾರ್ಡಾ ತೀರ್ಪು ಅಳತೆಗೋಲು. ಸನ್ನಿವೇಶಗಳ ಕೊಂಡಿ ಎಲ್ಲೂ ತಪ್ಪಬಾರದು, ಆರೋಪಿ ನಿರಪರಾಧಿ ಎಂಬ ಸಾಧ್ಯತೆಗೆ ಜಾಗ ಉಳಿಯಬಾರದು.

ಈಗ ಉಲ್ಟಾ ನೋಡಿ. ಆರೋಪಿ ಬಿಡುಗಡೆಯಾಗಿದ್ದಾನೆ, ಪೆಟ್ಟು ತಿಂದವರು ನೀವು. 2009ರ ಕೊನೆಯಿಂದ ಸಂತ್ರಸ್ತರಿಗೂ ಅಪೀಲಿನ ಹಕ್ಕಿದೆ. ಆದರೆ ಏರು ಕಡಿದು. 1934ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮ್ಮ ಕೇಸುಗಳಿಗೆ ಲಂಡನ್ನಿನಲ್ಲಿದ್ದ ಕೊನೆಯ ಕೋರ್ಟು) ಶಿವ ಸ್ವರೂಪ್ ಕೇಸಿನಲ್ಲಿ ಹೇಳಿದ್ದನ್ನೇ ಸುಪ್ರೀಂ ಕೋರ್ಟು 2007ರಲ್ಲಿ ಕರ್ನಾಟಕದ್ದೇ ಆದ ಚಂದ್ರಪ್ಪ ಕೇಸಿನಲ್ಲಿ ಬಿಡಿಸಿ ಹೇಳಿತು. ಮೇಲಿನ ಕೋರ್ಟಿಗೆ ಸಾಕ್ಷ್ಯವನ್ನು ಪೂರ್ತಿ ತೂಗುವ ಅಧಿಕಾರವಿದೆ. ಆದರೆ ಕಾನೂನು ಆರೋಪಿಯನ್ನು ಮೊದಲೇ ನಿರಪರಾಧಿ ಎಂದಿಟ್ಟುಕೊಂಡಿರುತ್ತದೆ, ಬಿಡುಗಡೆಯ ತೀರ್ಪು ಅದನ್ನು ಇನ್ನೂ ಗಟ್ಟಿ ಮಾಡುತ್ತದೆ. ಅದೇ ಸಾಕ್ಷ್ಯದಿಂದ ಎರಡು ನಿರ್ಧಾರ ಸಾಧ್ಯವಿದ್ದರೆ ಬಿಡುಗಡೆಯನ್ನು ಮುಟ್ಟಬಾರದು.

ಶಿಕ್ಷೆಯಾದವರ ಒಂದು ಹೆದರಿಕೆ: ಅಪೀಲು ಹಾಕಿದರೆ ಶಿಕ್ಷೆ ಜಾಸ್ತಿಯಾಗುತ್ತದಾ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 427ನೇ ಕಲಂ ಪ್ರಕಾರ ನಿಮ್ಮ ಅಪೀಲಿನಲ್ಲೇ ಹಾಗೆ ಮಾಡುವಂತಿಲ್ಲ. ಸರ್ಕಾರ ಬೇರೆ ಅಪೀಲು ಹಾಕಿದ್ದರೆ ಮಾತು ಬೇರೆ.

ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯನ್ನು ಸೆಷನ್ಸ್ ಕೋರ್ಟೂ ಎತ್ತಿಹಿಡಿದರೆ ಮುಂದೆ ಅಪೀಲಿಲ್ಲ. ಹೈಕೋರ್ಟಿನಲ್ಲಿ ರಿವಿಜನ್ ಮಾತ್ರ, ಅಂದರೆ ಕೆಳಗಿನ ಕೋರ್ಟು ಕಾನೂನು ತಪ್ಪಿದೆಯೇ ಎಂದು ನೋಡುವ ಪರಿಶೀಲನೆ. ಅಲ್ಲಿ ಸಾಮಾನ್ಯವಾಗಿ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ.

ಗೆರೆ ಹಾಕಿದ ನೋಟ್‌ಬುಕ್ ಹಿಡಿದುಕೊಂಡೇ ವಕೀಲರ ಹತ್ತಿರ ಹೋಗಿ. ಫೀಸಿಗೆ ದುಡ್ಡಿಲ್ಲದವರು ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲೂಕಿನ ಕಾನೂನು ಸೇವಾ ಸಮಿತಿಗೋ ಅರ್ಜಿ ಕೊಡಬಹುದು. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಜೈಲಿನಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೇಳಬಹುದು, ಅಪೀಲಿಗೂ.